‘ಎಲ್ಲ ಫ್ರೀ ಅಂತಾರೆ ಡಾಕ್ಟ್ರೇ, ಸಹಿ ಹಾಕಲಾ?’

ಓದುಗರ ಪ್ರಶ್ನೆ, ಡಾಕ್ಟರಮ್ಮನ ಉತ್ತರ

ಪ್ರಶ್ನೆ: ನಾನು ಕುಂದಾಪುರ ಕಡೆಯವನು, ವಯಸ್ಸು 43. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ದೋಸೆ ಹಾಕುವ ಕೆಲಸ. ಬೆಳಿಗ್ಗೆ 6ಕ್ಕೆ ಕಾವಲಿ ಎದುರು ನಿಂತರೆ ಮಧ್ಯಾಹ್ನ 2ರವರೆಗೆ ಕೂರುವ ಹಾಗಿಲ್ಲ. 2019ರಲ್ಲಿ ಬೈಕಿನಿಂದ ಬಿದ್ದು ಎಡ ತೊಡೆಯ ಮೂಳೆ ಮುರಿದು ಆರು ವಾರ ಮಲಗಿದ್ದೆ. ಆಗಲೇ ಕಾಲು ಊದಿತು, ‘ನರದಲ್ಲಿ ರಕ್ತ ಹೆಪ್ಪುಗಟ್ಟಿದೆ’ ಅಂದರು. ರಕ್ತ ತೆಳು ಮಾಡುವ ಅಸಿಟ್ರೋಮ್ ಮಾತ್ರೆ ಒಂದು ವರ್ಷ ತೆಗೆದುಕೊಂಡು ನಿಲ್ಲಿಸಿದೆ. ಈಗ ಸಂಜೆಯಾದರೆ ಕಾಲು ಬಾಳೆದಿಂಡಿನ ಹಾಗಾಗುತ್ತದೆ. ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ, ಒಂದು ರೂಪಾಯಿ ನಾಣ್ಯದಷ್ಟು ಹುಣ್ಣು ಎಂಟು ತಿಂಗಳಿಂದ ಮಾಯುತ್ತಿಲ್ಲ. ಸ್ಕ್ಯಾನ್ ಮಾಡಿ, ಹೊಟ್ಟೆಯ ಕೆಳಗಿನ ನರ ಪೂರ್ತಿ ಬ್ಲಾಕ್ ಅಂದಿದ್ದಾರೆ. ಒಂದು ದೊಡ್ಡ ಆಸ್ಪತ್ರೆಯಲ್ಲಿ ‘ಹೊಸ ಕ್ಯಾಥೆಟರ್ ಬಂದಿದೆ, ಪರೀಕ್ಷೆಯ ಹಂತದಲ್ಲಿದೆ, ಸೇರಿದರೆ ಎಲ್ಲ ಫ್ರೀ’ ಎಂದು 14 ಪುಟದ ಕಾಗದ ಕೊಟ್ಟು ಓದಿ ಬನ್ನಿ ಅಂದರು. ನನ್ನ ಹೆಂಡತಿ ‘ನಿಮ್ಮ ಮೇಲೆ ಪ್ರಯೋಗ ಮಾಡ್ತಾರೆ, ಬೇಡವೇ ಬೇಡ’ ಅನ್ನುತ್ತಾಳೆ. ಸಹಿ ಹಾಕಲಾ?
— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಹೆಂಡತಿ ಸರಿಯಾಗಿಯೇ ಹೇಳಿದ್ದಾರೆ. ಅದು ಪ್ರಯೋಗವೇ. ಆಸ್ಪತ್ರೆಯವರು ಅದನ್ನು ಮುಚ್ಚಿಡದೆ, ಕಾಗದ ಕೈಗೆ ಕೊಟ್ಟು ಮನೆಗೆ ಕಳಿಸಿದ್ದಾರಲ್ಲ, ನನಗೆ ಅದೇ ಸಮಾಧಾನ. ‘ಲೇಟೆಸ್ಟ್ ಟ್ರೀಟ್‌ಮೆಂಟ್’ ಅಂತ ಹೇಳಿ ಅಲ್ಲೇ ಸಹಿ ಹಾಕಿಸಿಕೊಂಡಿದ್ದರೆ ನಾನೂ ನಿಮ್ಮ ಹೆಂಡತಿಯ ಪಕ್ಷ ಸೇರುತ್ತಿದ್ದೆ. ಮುಂದಿನ ಸಲ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅನುಮಾನ ಇರುವವರು ಒಳ್ಳೆಯ ಪ್ರಶ್ನೆ ಕೇಳುತ್ತಾರೆ.

‘ನರ’ ಎಂದು ಬರೆದಿದ್ದೀರಿ. ನಮ್ಮಲ್ಲಿ ಮೈಯೊಳಗೆ ದಾರದ ಹಾಗಿರುವುದೆಲ್ಲ ನರವೇ. ಕೈ ಜೋಮು ಹಿಡಿದರೂ ನರ, ರಕ್ತ ತೆಗೆಯುವಾಗ ಸೂಜಿಗೆ ಸಿಗದಿದ್ದರೂ ನರ. 31 ವರ್ಷ ಓಪಿಡಿಯಲ್ಲಿ ತಿದ್ದಿ ತಿದ್ದಿ ಸೋತಿದ್ದೇನೆ, ಇಲ್ಲಿ ಮತ್ತೆ ಶುರು ಮಾಡುವುದಿಲ್ಲ. ನಿಮ್ಮಲ್ಲಿ ಮುಚ್ಚಿರುವುದು ಕಾಲಿನಿಂದ ರಕ್ತವನ್ನು ವಾಪಸ್ ಹೃದಯಕ್ಕೆ ಒಯ್ಯುವ ನಾಳ, ನಾವು ವೇನ್ ಅನ್ನುತ್ತೇವೆ. ಕೆಳಗಿಳಿಯುವ ರಕ್ತಕ್ಕೆ ಹೃದಯದ ಒತ್ತಡವಿದೆ. ಮೇಲೇರುವ ರಕ್ತಕ್ಕೆ ಅದು ಸಾಲದು. ಮೀನಖಂಡ ಹಿಂಡಬೇಕು, ನಾಳದೊಳಗಿನ ಕವಾಟಗಳು ಅದನ್ನು ಹಿಂದೆ ಜಾರದಂತೆ ಹಿಡಿಯಬೇಕು. ಎಂಟು ಗಂಟೆ ಕಾವಲಿ ಬಿಟ್ಟು ಅಲ್ಲಾಡದವರ ಮೀನಖಂಡ ಎಷ್ಟು ಹಿಂಡೀತು? ಎಡಗಾಲಿಗೆ ಇನ್ನೊಂದು ತೊಡಕೂ ಇದೆ. ಬಲಗಾಲಿಗೆ ರಕ್ತ ಒಯ್ಯುವ ದೊಡ್ಡ ನಾಳ, ಎಡಗಾಲಿನ ವೇನಿನ ಮೇಲೆ ಅಡ್ಡ ಹಾದು ಅದನ್ನು ಬೆನ್ನುಮೂಳೆಗೆ ಒತ್ತಿಕೊಂಡಿರುತ್ತದೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬಿಬ್ಬರು ಶವಗಳನ್ನು ಕೊಯ್ದು ನೋಡಿ ಇದನ್ನು ವಿವರಿಸಿದರು. ನಿಮ್ಮಲ್ಲೂ ಅದು ಇದೆಯೇ ಎಂಬುದು ಸ್ಕ್ಯಾನ್ ವರದಿಯಲ್ಲಿ ಇರಬೇಕು, ಕೇಳಿ.

ಈಗ ಆ ಕ್ಯಾಥೆಟರ್, ಅಂದರೆ ನಾಳದೊಳಗೆ ತೂರಿಸುವ ತೆಳು ನಳಿಗೆಯ ವಿಷಯ. ಹೆಪ್ಪುಗಟ್ಟಿದ ಮೊದಲ ಎರಡು ವಾರ ರಕ್ತದ ಗಡ್ಡೆ ನಿಮ್ಮೂರಿನ ರಾಗಿ ಮಣ್ಣಿಯ ಹಾಗೆ ಮೆತ್ತಗಿರುತ್ತದೆ. ಔಷಧಿಗೆ ಕರಗೀತು, ನಳಿಗೆ ಹಾಕಿ ಎಳೆದರೆ ಬಂದೀತು. ತಿಂಗಳುಗಟ್ಟಲೆ ಕಳೆದ ಮೇಲೆ ಅದು ಗಡ್ಡೆಯಾಗಿ ಉಳಿಯುವುದೇ ಇಲ್ಲ, ಗಾಯದ ಕಲೆಯ ಹಾಗೆ ನಾರಾಗಿ ನಾಳದ ಗೋಡೆಗೇ ಬೆಸೆದುಕೊಳ್ಳುತ್ತದೆ. ಅಂಥ ಒಂದು ಚೂರನ್ನು ನಾನು ಉಪ್ಪುನೀರಿನ ಬಟ್ಟಲಿಗೆ ಹಾಕಿ ಚಿಮಟದಲ್ಲಿ ಹಿಡಿದು ಎಳೆದು ನೋಡಿದ್ದೇನೆ. ಮಾಸಲು ಬಿಳಿ, ಅಲ್ಲಲ್ಲಿ ಕಂದು, ಹಲಸಿನ ತೊಳೆಗಳ ನಡುವಿನ ನಾರಿನ ಹಾಗೆ. ಎಳೆದರೆ ಹಿಗ್ಗಿತು, ಹರಿಯಲಿಲ್ಲ. ನಿಮ್ಮ ನಾಳದಲ್ಲಿ ಈಗಿರುವುದು ಅದು. ಯಾವ ಮಾತ್ರೆಗೂ ಅದು ಕರಗುವುದಿಲ್ಲ.

ಸದ್ಯಕ್ಕೆ ಇದಕ್ಕೆ ರೂಢಿಯಲ್ಲಿರುವುದು, ಮಂಡಿಯ ಹಿಂದೆಯೋ ತೊಡೆಯಲ್ಲೋ ಕುತ್ತಿಗೆಯಲ್ಲೋ ಸೂಜಿ ಚುಚ್ಚಿ, ಆ ನಾರಿನ ನಡುವೆ ತೆಳು ತಂತಿ ದಾಟಿಸಿ, ಬಲೂನ್ ಉಬ್ಬಿಸಿ, 14–16 ಮಿಲಿಮೀಟರ್ ಅಗಲದ ಸ್ಟೆಂಟ್ ಎಂಬ ಲೋಹದ ಬಲೆಯ ಕೊಳವೆ ಕೂರಿಸುವುದು. ಅಂದರೆ ನಾರನ್ನು ತೆಗೆಯುವುದಿಲ್ಲ, ಗೋಡೆಗೆ ಒತ್ತಿ ಬಿಡುತ್ತೇವೆ. ಈಚೆಗೆ ಬರುತ್ತಿರುವ ಕೆಲವು ಕ್ಯಾಥೆಟರ್‌ಗಳ ತುದಿಯಲ್ಲಿ ನಿಟಿನಾಲ್ ಎಂಬ ನಿಕ್ಕಲ್–ಟೈಟೇನಿಯಂ ಲೋಹದ ಪುಟ್ಟ ಬುಟ್ಟಿ ಇರುತ್ತದೆ. ಮಡಿಚಿಕೊಂಡು ಒಳಗೆ ಹೋಗಿ, ಅಲ್ಲಿ ಬಿಡಿಸಿಕೊಂಡು, ಹಿಂದಕ್ಕೆ ಎಳೆಯುವಾಗ ಗೋಡೆಯ ನಾರನ್ನು ಕೆರೆದು ತರುತ್ತದೆ. ಕಾವಲಿಗೆ ಹಿಡಿದ ಹಳೆ ಕರಿಯನ್ನು ನೀವು ಸಟ್ಟುಗದಲ್ಲಿ ಕೆರೆಯುವುದಿಲ್ಲವೇ, ಹಾಗೆ. ಆದರೆ ಚೆನ್ನಾಗಿ ಕೆರೆದ ಕಾವಲಿಗೆ ಮೊದಲ ದೋಸೆ ಅಂಟಿಕೊಳ್ಳುತ್ತದೆ, ಅದೂ ನಿಮಗೇ ಗೊತ್ತು. ಕೆರೆದ ನಾಳದ ಗೋಡೆಯೂ ಹಾಗೆಯೇ, ಹೊಸ ರಕ್ತ ಅಲ್ಲೇ ಅಂಟಿ ಹೆಪ್ಪುಗಟ್ಟಲು ನೋಡುತ್ತದೆ. ನಮ್ಮ ಭಯವೆಲ್ಲ ಆ ಮೊದಲ ದೋಸೆಯದ್ದು. ಅದಕ್ಕೇ ಆಮೇಲೆ ತಿಂಗಳುಗಟ್ಟಲೆ ರಕ್ತ ತೆಳು ಮಾಡುವ ಮಾತ್ರೆ ಬೇಕು. ಅಸಿಟ್ರೋಮ್ ಆದರೆ, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಪಿಟಿ–ಐಎನ್‌ಆರ್ 2ರಿಂದ 3ರೊಳಗೆ ಇರುವಂತೆ ಮತ್ತೆ ಮತ್ತೆ ರಕ್ತಪರೀಕ್ಷೆ. ರಜೆ ಸಿಗುವುದೇ ಕಷ್ಟವಾದ ಕೆಲಸದಲ್ಲಿ ಇದಕ್ಕೆ ಓಡಾಡಲು ಸಾಧ್ಯವೇ ಎಂದು ಮೊದಲೇ ಲೆಕ್ಕ ಹಾಕಿ. ಅಪಾಯಗಳ ಪಟ್ಟಿ ನಿಮ್ಮ ಕಾಗದದಲ್ಲಿ ಇದ್ದೇ ಇರುತ್ತದೆ: ರಕ್ತಸ್ರಾವ, ನಾಳ ಹರಿಯುವುದು, ಚೂರು ಹಾರಿ ಶ್ವಾಸಕೋಶಕ್ಕೆ ಹೋಗುವುದು, ಎಕ್ಸ್‌ರೇಯಲ್ಲಿ ನಾಳ ಕಾಣಲೆಂದು ಬಿಡುವ ಬಣ್ಣದ ಔಷಧಿಯಿಂದ ಕಿಡ್ನಿಗೆ ತೊಂದರೆ.

ನಾನು ನಿಜವಾಗಿ ಹೇಳಬೇಕೆಂದಿರುವುದು ಬೇರೆ. ಸುಮಾರು 2009ರಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆಗೆ ಇದೇ ಜಾಗದಲ್ಲಿ ಸ್ಟೆಂಟ್ ಹಾಕಿದೆ. ಆಗ ನಮಗೆ ಸಿಗುತ್ತಿದ್ದದ್ದು ಬೇರೆ ನಾಳಕ್ಕೆಂದು ಮಾಡಿದ ಸ್ಟೆಂಟ್. ಪರದೆಯ ಮೇಲೆ ಬಣ್ಣದ ಔಷಧಿ ತಡೆಯಿಲ್ಲದೆ ಹೊಳೆಯ ಹಾಗೆ ಮೇಲೆ ಹರಿದುಹೋದಾಗ ಆಪರೇಷನ್ ಥಿಯೇಟರಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಆ ಚಿತ್ರವನ್ನು ಸಮ್ಮೇಳನದಲ್ಲಿ ತೋರಿಸಿ ಹೊಗಳಿಸಿಕೊಂಡೆ. ನಾನು ತೋರಿಸುತ್ತಿದ್ದ ಹೊತ್ತಿಗೆ ಆಕೆಯ ಸ್ಟೆಂಟ್ ಮುಚ್ಚಿಹೋಗಿತ್ತು. ಗೊತ್ತಾದದ್ದು ಐದು ತಿಂಗಳ ಮೇಲೆ, ಆಕೆ ಅದೇ ಹುಣ್ಣಿಗೆ ಬಟ್ಟೆ ಕಟ್ಟಿಕೊಂಡು ಬಂದಾಗ. ತೊಡೆಯ ನಾಳದಿಂದ ಬರುವ ರಕ್ತವೇ ಸಾಲುತ್ತಿರಲಿಲ್ಲ. ಕಾಲುವೆ ಅಗಲ ಮಾಡಿದ್ದೆ, ಕೆರೆಯ ತೂಬು ಕಟ್ಟಿಕೊಂಡಿದ್ದನ್ನು ನೋಡಿರಲಿಲ್ಲ. ‘ಫೋಟೋದಲ್ಲಿ ಸರಿಹೋಗಿತ್ತಲ್ಲ ಮೇಡಂ’ ಅಂದಳು ಆಕೆ, ವ್ಯಂಗ್ಯ ಇರಲಿಲ್ಲ. ನನಗೆ ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಚಿತ್ರ ನೋಡಿ ಮೋಸಹೋದವಳು ನಾನೊಬ್ಬಳೇ ಅಲ್ಲ. ಹಸಿ ಗಡ್ಡೆಯನ್ನು ಬೇಗ ಕ್ಯಾಥೆಟರಿನಿಂದ ತೆಗೆದುಬಿಟ್ಟರೆ ಮುಂದೆ ನಿಮಗಾದಂಥ ಕಾಲು ಆಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ನಾರ್ವೆಯಲ್ಲಿ 209 ಜನರ ಮೇಲೆ ನಡೆದ ಪರೀಕ್ಷೆ 2012ರಲ್ಲಿ ಸ್ವಲ್ಪ ಹಾಗೆಯೇ ಹೇಳಿತು: ಎರಡು ವರ್ಷದ ನಂತರ ಕಾಲಿನ ತೊಂದರೆ ಕ್ಯಾಥೆಟರ್ ಹಾಕಿಸಿಕೊಂಡವರಲ್ಲಿ ಶೇ 41 ಜನರಿಗೆ, ಬರೀ ಮಾತ್ರೆ ತೆಗೆದುಕೊಂಡವರಲ್ಲಿ ಶೇ 56ರಷ್ಟು. ಆಮೇಲೆ ಅಮೆರಿಕದಲ್ಲಿ 692 ಜನರನ್ನು ತೆಗೆದುಕೊಂಡು ‘ಅಟ್ರ್ಯಾಕ್ಟ್’ ಎಂಬ ದೊಡ್ಡ ಪರೀಕ್ಷೆ ಮಾಡಿದರು, 2017ರಲ್ಲಿ ಫಲಿತಾಂಶ ಬಂತು. ಕ್ಯಾಥೆಟರ್ ಹಾಕಿಸಿಕೊಂಡವರಲ್ಲಿ ಶೇ 47, ಹಾಕಿಸಿಕೊಳ್ಳದವರಲ್ಲಿ ಶೇ 48. ಒಟ್ಟಿನಲ್ಲಿ ಲಾಭವೇ ಇಲ್ಲ. ಮೇಲಿಂದ ಮೊದಲ ಹತ್ತು ದಿನದ ದೊಡ್ಡ ರಕ್ತಸ್ರಾವ ಶೇ 0.3ರಿಂದ 1.7ಕ್ಕೆ ಏರಿತ್ತು. ತೀವ್ರವಾದ ತೊಂದರೆ ಸ್ವಲ್ಪ ಕಡಿಮೆಯಾಯಿತು, ಅದು ನಿಜ. ಆದರೆ ಅಲ್ಲಿಯವರೆಗೆ ಎಷ್ಟೋ ಕಡೆ ‘ಇದನ್ನು ಮಾಡದಿದ್ದರೆ ತಪ್ಪು’ ಎಂಬ ಧಾಟಿಯಲ್ಲಿ ಮಾತು ನಡೆದಿತ್ತು. ನಿಮ್ಮದು ಹಳೆಯ ಬ್ಲಾಕ್, ಈ ಅಂಕಿಗಳು ನೇರ ನಿಮಗೆ ಅನ್ವಯಿಸುವುದಿಲ್ಲ. ಪರೀಕ್ಷೆ ಯಾಕೆ ಬೇಕು ಎಂಬುದಕ್ಕೆ ಮಾತ್ರ ಹೇಳಿದೆ. ಪ್ರಯೋಗ ಅಂದರೆ ನಿಮ್ಮ ಹೆಂಡತಿಗೆ ಭಯ. ನನಗೆ ಪ್ರಯೋಗವನ್ನೇ ಮಾಡದೆ ಸಾವಿರಾರು ಜನರಿಗೆ ಹಾಕುವುದನ್ನು ಕಂಡರೆ ಹೆಚ್ಚು ಭಯ.

ಹಾಗಾಗಿ ಅವರನ್ನು ಮೊದಲು ಕೇಳಬೇಕಾದದ್ದು: ‘ನಿಮ್ಮ ಪರೀಕ್ಷೆಯಲ್ಲಿ ಗೆದ್ದದ್ದು ಅಂತ ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೀರಿ?’ ಸ್ಕ್ಯಾನಿನಲ್ಲಿ ನಾಳ ತೆರೆದಿರುವುದನ್ನು ಮಾತ್ರವೇ, ನಿಮ್ಮ ಕಾಲನ್ನೂ ನೋಡುತ್ತಾರೆಯೇ? ಕಾಲನ್ನು ಅಳೆಯಲು ವಿಲ್ಲಾಲ್ಟಾ ಎಂಬ ಲೆಕ್ಕವಿದೆ. ನೋವು, ಭಾರ, ಸೆಳೆತ, ಜುಮುಜುಮು, ತುರಿಕೆ ಇವಕ್ಕೆ ರೋಗಿ ಹೇಳಿದ್ದಕ್ಕೆ ಅಂಕ; ಊತ, ಚರ್ಮದ ಬಣ್ಣ, ಗಡಸುತನ ಮುಂತಾದ ಆರಕ್ಕೆ ಡಾಕ್ಟರು ನೋಡಿ ಅಂಕ. 5 ಮುಟ್ಟಿದರೆ ಕಾಯಿಲೆ, 15 ಮುಟ್ಟಿದರೆ ಅಥವಾ ಹುಣ್ಣಿದ್ದರೆ ತೀವ್ರ. ನೀವು ಹುಣ್ಣಿನಿಂದಲೇ ಆ ಸಾಲಿಗೆ ಸೇರಿಬಿಟ್ಟಿರಿ. ಆ ಹುಣ್ಣು ಮಾಯಿತೇ, ಒಂದು ವರ್ಷ, ಎರಡು ವರ್ಷ ಬಿಟ್ಟು ಏನಾಯಿತು ಎಂದು ಅವರು ಬರೆದಿಡುತ್ತಾರೆ ಅಂದರೆ ಒಳ್ಳೆಯ ಲಕ್ಷಣ. ಕೆಳಗಿನಿಂದ ಬರುವ ರಕ್ತ ಸಾಕಷ್ಟಿದೆಯೇ ಎಂಬುದನ್ನೂ ಕೇಳಿ, ನನ್ನ ಅಂಗನವಾಡಿಯಮ್ಮನ ನೆನಪಿಗಾದರೂ.

ಎರಡನೆಯದು, ಇದು ಪೈಲಟ್ ಹಂತವೇ, ಪಿವೋಟಲ್ ಹಂತವೇ? ನಮ್ಮ ದೇಶದ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿಯಿಂದ ಜಾರಿಯಲ್ಲಿವೆ, ಅವುಗಳಲ್ಲಿ ಈ ಎರಡು ಹಂತ ಇದೆ. ಪೈಲಟ್ ಅಂದರೆ ಕೆಲವೇ ಜನರಲ್ಲಿ, ಮುಖ್ಯವಾಗಿ ಹಾನಿಯಾಗುತ್ತದೆಯೇ ಎಂದು ನೋಡುವುದು. ನಿಮಗಿಂತ ಮೊದಲು ಎಷ್ಟು ಜನರಿಗೆ ಹಾಕಿದ್ದಾರೆ, ಅವರಿಗೆ ಏನಾಯಿತು, ಕೇಳುವ ಹಕ್ಕು ನಿಮ್ಮದು. ಪಿವೋಟಲ್ ಆದರೆ ಜನ ಹೆಚ್ಚು. ಅಲ್ಲಿ ಕೆಲವೊಮ್ಮೆ ಕೆಲವರಿಗೆ ಹೊಸದು, ಕೆಲವರಿಗೆ ಹಳೆಯ ಪದ್ಧತಿ. ಯಾರಿಗೆ ಯಾವುದು ಎಂದು ಡಾಕ್ಟರೂ ಆರಿಸುವಂತಿಲ್ಲ.

ಇದರ ಬಗ್ಗೆ ಒಂದು ನೆನಪು. ನಾನು ಕೆಲವು ವರ್ಷ ಒಂದು ನೈತಿಕ ಸಮಿತಿಯಲ್ಲಿದ್ದೆ. ಇಂಥ ಪರೀಕ್ಷೆಗೆ ಒಪ್ಪಿಗೆ ಕೊಡುವ ಆ ಸಮಿತಿಯಲ್ಲಿ ಡಾಕ್ಟರಲ್ಲದ ಒಬ್ಬ ಸಾಮಾನ್ಯ ಸದಸ್ಯರು ಇರಲೇಬೇಕು. ನಮ್ಮಲ್ಲಿದ್ದವರು ನಿವೃತ್ತ ಕನ್ನಡ ಮೇಷ್ಟ್ರು. ಕಾಗದ ಬಂದರೆ ಜೋರಾಗಿ ಓದುತ್ತಿದ್ದರು, ತರಗತಿಯಲ್ಲಿ ಓದುವ ಹಾಗೆ. ಒಂದು ದಿನ ‘ಯಾದೃಚ್ಛಿಕೀಕರಣ’ ಎಂಬ ಪದ ಬಂತು. ಮೇಷ್ಟ್ರು ಕನ್ನಡಕ ತೆಗೆದು, ‘ನನಗೇ ನಾಲಗೆ ಹೊರಳಲಿಲ್ಲ, ಇದಕ್ಕೆ ಹೆಬ್ಬೆಟ್ಟು ಒತ್ತುವವನು ಏನು ತಿಳಿದು ಒತ್ತುತ್ತಾನೆ?’ ಅಂದರು. ಪ್ರಾಯೋಜಕ ಕಂಪನಿಯವರು ಇಂಗ್ಲಿಷಿನ ಕಡೆ ಕೈ ತೋರಿಸಿದರು. ಕೊನೆಗೆ ಅಲ್ಲಿ ‘ಚೀಟಿ ಎತ್ತಿದ ಹಾಗೆ’ ಎಂದು ಬರೆಸಿದ ಮೇಲೇ ಮೇಷ್ಟ್ರು ಸಹಿ ಹಾಕಿದ್ದು. ನಿಮ್ಮ 14 ಪುಟದಲ್ಲಿ ಅಂಥ ಪದ ಸಿಕ್ಕಿದರೆ ಕೆಳಗೆ ಗೆರೆ ಎಳೆದುಕೊಂಡು ಹೋಗಿ, ಬಿಡಿಸಿ ಹೇಳುವ ತನಕ ಏಳಬೇಡಿ. ಕಾಗದ ಇಂಗ್ಲಿಷಿನಲ್ಲೇ ಇದ್ದರೆ ಕನ್ನಡದ್ದು ಕೇಳಿ ಪಡೆಯಿರಿ.

‘ಎಲ್ಲ ಫ್ರೀ’ ಅನ್ನುವುದು ಎಲ್ಲಿಯವರೆಗೆ? ಸಾಧನ, ಆಪರೇಷನ್ ಫ್ರೀ ಇರಬಹುದು. ಆಮೇಲಿನ ಮಾತ್ರೆ, ಸ್ಕ್ಯಾನ್, ಬಸ್ ಚಾರ್ಜು, ತಪ್ಪಿದ ದಿನಗೂಲಿ? ಪರೀಕ್ಷೆಯಿಂದಲೇ ಹಾನಿಯಾದರೆ ಚಿಕಿತ್ಸೆಯ ಖರ್ಚು, ಪರಿಹಾರ ಕೊಡುವ ಹೊಣೆ ಪ್ರಾಯೋಜಕರದ್ದು ಎಂದು ನಿಯಮವಿದೆ. ಕಾಗದದಲ್ಲಿ ಆ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು, ಅದಕ್ಕಾಗಿ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಹಿಯಾದ ಕಾಗದದ ಒಂದು ಪ್ರತಿ ನಿಮ್ಮ ಮನೆಯಲ್ಲಿರಬೇಕು. ಪರೀಕ್ಷೆಗೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಇರುತ್ತದೆ, ಐಸಿಎಂಆರ್ ನಡೆಸುವ, ಇಂಥ ಪರೀಕ್ಷೆಗಳ ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ದರ್ಶಿನಿಯ ಕ್ಯಾಷಿಯರ್ ಹುಡುಗ ಎರಡು ನಿಮಿಷದಲ್ಲಿ ಮೊಬೈಲಿನಲ್ಲಿ ಹುಡುಕಿಕೊಟ್ಟಾನು.

ಮೈಯೊಳಗೆ ಏನನ್ನಾದರೂ ಬಿಟ್ಟು ಬರುತ್ತಾರೆಯೇ ಎಂಬುದೂ ಮುಖ್ಯ. ಕೆರೆದು ಹೊರಬರುವ ಕ್ಯಾಥೆಟರ್ ಒಂದು ಬಗೆ, ಆಮೇಲೆ ಸ್ಟೆಂಟನ್ನೂ ಕೂರಿಸುವುದು ಇನ್ನೊಂದು. ಸ್ಟೆಂಟ್ ಜೀವನಪೂರ್ತಿ ಒಳಗಿರುತ್ತದೆ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಪಡೆದ ಒಂದು ವೇನ್ ಸ್ಟೆಂಟನ್ನು, ಹಾಕಿದ ಜಾಗದಿಂದ ಜರುಗಿಹೋಗುತ್ತಿದೆ ಎಂದು 2021ರಲ್ಲಿ ಹಿಂದಕ್ಕೆ ಕರೆಸಿಕೊಂಡರು. ವೇನಿನಲ್ಲಿ ಜರುಗಿದ್ದು ಹೃದಯದ ಕಡೆಗೇ ಹೋಗುವುದು.

ಕೊನೆಗೂ ಹಾಕಲೋ ಬೇಡವೋ ಅನ್ನುತ್ತೀರಿ. ನಾನು ನಿಮ್ಮ ಜಾಗದಲ್ಲಿದ್ದರೆ ಇವತ್ತೇ ಹಾಕುತ್ತಿರಲಿಲ್ಲ. ನಿಮ್ಮ ಪತ್ರದಲ್ಲಿ ಹುಣ್ಣಿಗೆ ಪದರ ಪದರವಾಗಿ ಬಿಗಿ ಬ್ಯಾಂಡೇಜ್ ಕಟ್ಟಿಸಿಕೊಂಡ ಮಾತೇ ಇಲ್ಲ. ಕಾಲಿಗೆ ಇಳಿಯುವ ರಕ್ತ ಚೆನ್ನಾಗಿದೆಯೇ ಎಂದು ಪಾದದ ಬಿಪಿ ನೋಡಿಸಿ, ಸರಿಯಿದ್ದರೆ ತಿಳಿದವರ ಕೈಲಿ ಮೂರು ತಿಂಗಳು ವಾರವಾರ ಕಟ್ಟಿಸಿ. ಮಾಲೀಕರಿಗೆ ಹೇಳಿ ಗಂಟೆಗೊಮ್ಮೆ ಐದು ನಿಮಿಷ ನಡೆಯಿರಿ, ರಾತ್ರಿ ಮಂಚದ ಕಾಲಿನ ಕಡೆಗೆ ಎರಡು ಇಟ್ಟಿಗೆ ಕೊಡಿ. ಇಷ್ಟಕ್ಕೂ ಮಾಯದಿದ್ದರೆ, ಮೇಲಿನ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕಿದ್ದರೆ, ಸೇರಿ. ಆಗ ನಿಮ್ಮ ಹೆಂಡತಿಗೆ ನನ್ನ ಹೆಸರು ಹೇಳಿ ಬೈಸಿಕೊಳ್ಳಬಹುದು.

ಪ್ರಶ್ನೆ: ನಮ್ಮ ತಾಯಿಗೆ ನಾಲ್ಕು ವರ್ಷದಿಂದ ಡಯಾಲಿಸಿಸ್. ಮೊದಲು ಕುತ್ತಿಗೆಯಲ್ಲಿ ಮೂರು ಸಲ ಪೈಪ್ ಹಾಕಿದ್ದರು. ಈಗ ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆಂದು ಎರಡು ರಕ್ತನಾಳ ಜೋಡಿಸಿದ್ದು) ಇರುವ ಬಲಗೈ ಭುಜದವರೆಗೆ ಊದಿದೆ, ಮುಖವೂ ದಪ್ಪ ಕಾಣುತ್ತದೆ. ‘ಎದೆಯ ನರ ಬ್ಲಾಕ್’ ಅಂದರು. ಇದಕ್ಕೂ ಹೊಸ ಕ್ಯಾಥೆಟರ್ ಇದೆಯಂತೆ?
— ಮಗಳು, ಕಲಬುರಗಿ

ಉತ್ತರ: ಪೈಪ್ ಉಜ್ಜಿ ಉಜ್ಜಿ ನಾಳದ ಗೋಡೆ ಕಲೆಗಟ್ಟುತ್ತದೆ, ಡಯಾಲಿಸಿಸ್‌ನವರಲ್ಲಿ ಇದು ಅಪರೂಪವಲ್ಲ. ತಡಮಾಡದೆ ಫಿಸ್ಟುಲಾ ಮಾಡಿದ ಡಾಕ್ಟರಿಗೆ ತೋರಿಸಿ. ಸಾಮಾನ್ಯವಾಗಿ ಬಲೂನಿನಿಂದ ಹಿಗ್ಗಿಸುತ್ತಾರೆ, ಕೆಲವು ತಿಂಗಳಿಗೊಮ್ಮೆ ಮತ್ತೆ ಮಾಡಬೇಕಾಗಬಹುದು. ನೀವು ಕೇಳಿದ ಹೊಸದು ಬಹುಶಃ ‘ಒಳಗಿನಿಂದ ಹೊರಗೆ’ ಹೋಗುವ ಸಾಧನ. ಅಮೆರಿಕದ ಕೆಂಟಕಿಯ ಹೃದ್ರೋಗ ತಜ್ಞ ಜಾನ್ ಗರ್ಲಿ ಹೊಳೆಯಿಸಿದ ಉಪಾಯ. ಕುತ್ತಿಗೆಯ ನಾಳಗಳು ಮುಚ್ಚಿರುವಾಗ ತೊಡೆಯಿಂದ ತಂತಿ ಏರಿಸಿ, ಬ್ಲಾಕಿನ ಒಳಗಿನಿಂದಲೇ ಸೂಜಿಯನ್ನು ಹೊರಗಿನ ಚರ್ಮಕ್ಕೆ ತರುತ್ತಾರೆ, ಆ ದಾರಿಯಲ್ಲಿ ಡಯಾಲಿಸಿಸ್ ಪೈಪ್ ಇಳಿಸುತ್ತಾರೆ. 2020ರಲ್ಲಿ ಅಲ್ಲಿನ ಔಷಧ–ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿತು. ಅದು ಪೈಪ್ ಹಾಕಲು ಜಾಗವೇ ಇಲ್ಲದವರಿಗೆ. ನಿಮ್ಮ ತಾಯಿಗೆ ಫಿಸ್ಟುಲಾ ಇನ್ನೂ ಕೆಲಸ ಮಾಡುತ್ತಿದೆ, ಅದನ್ನು ಉಳಿಸಿಕೊಳ್ಳುವುದು ನಿಮ್ಮ ಕೆಲಸ. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡಬೇಡಿ. ಉಸಿರಾಟಕ್ಕೆ ಕಷ್ಟವಾದರೆ ಈ ಉತ್ತರ ಓದುತ್ತ ಕೂರದೆ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕ್ಯಾಥೆಟರನ್ನು ಮೊದಲು ಯಾರ ಮೇಲೆ ಪರೀಕ್ಷಿಸುತ್ತಾರೆ? 6 ಫ್ರೆಂಚ್, 16 ಫ್ರೆಂಚ್ ಅಂದರೆ ಏನು?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೊದಲು ಮೇಜಿನ ಮೇಲೆ, ಸಿಲಿಕೋನ್ ನಾಳಗಳಲ್ಲಿ: ಬಾಗುತ್ತದೆಯೇ, ಮುರಿಯುತ್ತದೆಯೇ, ತುದಿ ಕಳಚುತ್ತದೆಯೇ. ಆಮೇಲೆ ಪ್ರಾಣಿಗಳಲ್ಲಿ, ಹೆಚ್ಚಾಗಿ ಹಂದಿ, ಕುರಿ. ತೊಡಕು ಏನೆಂದರೆ ಹಂದಿಯ ಆರೋಗ್ಯವಂತ ನಾಳದಲ್ಲಿ ಮನುಷ್ಯನ ಆರು ವರ್ಷದ ನಾರು ಇರುವುದಿಲ್ಲ. ಅದಕ್ಕೇ ಮೇಲಿನ ದೋಸೆ ಭಟ್ಟರಂಥವರನ್ನು ಕೇಳಬೇಕಾಗುತ್ತದೆ. ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ 1929ರಲ್ಲಿ ವೆರ್ನರ್ ಫೋರ್ಸ್‌ಮನ್ ಎಂಬ ಎಳೆಯ ಡಾಕ್ಟರು ತನ್ನದೇ ತೋಳಿನ ವೇನಿಗೆ ಮೂತ್ರನಾಳದ 65 ಸೆಂಟಿಮೀಟರ್ ಕ್ಯಾಥೆಟರ್ ತೂರಿಸಿಕೊಂಡು, ಎಕ್ಸ್‌ರೇ ಕೋಣೆಗೆ ನಡೆದುಹೋಗಿ, ಅದು ಹೃದಯ ಮುಟ್ಟಿದ್ದನ್ನು ಫಿಲ್ಮಿನಲ್ಲಿ ಹಿಡಿದರು. 1956ರಲ್ಲಿ ನೊಬೆಲ್ ಬಂತು. ನಮ್ಮ ಮೇಷ್ಟ್ರ ಸಮಿತಿಯ ಮುಂದೆ ಬಂದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಫ್ರೆಂಚ್ ಎಂಬುದು ದಪ್ಪದ ಅಳತೆ, ಪ್ಯಾರಿಸ್ಸಿನ ಉಪಕರಣ ತಯಾರಕ ಷಾರಿಯೆ ಮಾಡಿದ್ದು. 3ರಿಂದ ಭಾಗಿಸಿದರೆ ಮಿಲಿಮೀಟರ್. 16 ಫ್ರೆಂಚ್ ಅಂದರೆ 5.3.

ಪ್ರಶ್ನೆ: ಕಾಲು ಊತಕ್ಕೆ ಬಿಗಿ ಸ್ಟಾಕಿಂಗ್ಸ್ ಕೊಟ್ಟಿದ್ದಾರೆ. ಹಾಕಿಕೊಳ್ಳಲು ಅರ್ಧ ಗಂಟೆ ಬೇಕು, ಬೆರಳು ನೋಯುತ್ತದೆ. ಬಿಟ್ಟುಬಿಡಲೇ?
— ಗೃಹಿಣಿ, ಸಾಗರ

ಉತ್ತರ: ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಿ, ಕಾಫಿ ಕುಡಿದು ಬಂದು ಹಾಕಿದರೆ ಅಷ್ಟರಲ್ಲಿ ಕಾಲು ಊದಿರುತ್ತದೆ. ಒಳಮಗ್ಗುಲು ಹೊರಗೆ ತಿರುವಿ, ಹಿಮ್ಮಡಿಯನ್ನು ಮೊದಲು ಕೂರಿಸಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಸವರುತ್ತ ಮೇಲೆ ತನ್ನಿ, ಉಗುರಿನಿಂದ ಎಳೆಯಬೇಡಿ. ಮೂರು ನಿಮಿಷದ ಕೆಲಸ. ಆಮೇಲೂ ಬೆರಳು ತಣ್ಣಗಾದರೆ, ನೀಲಿಯಾದರೆ ತೆಗೆದು ಡಾಕ್ಟರಿಗೆ ತೋರಿಸಿ, ಸೈಜ್ ತಪ್ಪಿರಬಹುದು.